ಹಣೆಯಲ್ಲಿ ಉಳಿದ ಕಿರೀಟ

ಬಿಸಿ ಆವಿ. ಯಾರೋ ಇಬ್ಬರು ನನ್ನನ್ನು ಎರಡೂ ಕಡೆಯಿಂದ ಹಿಡಿದು ಮರದ ತಲೆಯೊಂದರ ಮೇಲೆ ಎಳೆಯುತ್ತಿದ್ದರು.

“ಇನ್ನೂ ಎಳಿಯೋ. ಹಣೆ ಹತ್ರ ಮಡಿಕೆ ಬಿದ್ದೈತೆ.”

“ಹರಿದೋದ್ರೆ?”

“ಹರಿದ್ರೆ ಇನ್ನೊಂದು ಮಾಡೋದು. ಯುದ್ಧ ಏನು ನಾಳೆನೇ ನಿಂತೋಯ್ತದಾ?”

ನಾನು ಹರಿಯಲಿಲ್ಲ. ಮರದ ತಲೆಯನ್ನು ಹೊರಗೆ ತೆಗೆದಾಗ ಅದರ ಆಕಾರ ನನ್ನೊಳಗೆ ಉಳಿದಿತ್ತು. ಅದಕ್ಕೆ ಕಣ್ಣು, ಕಿವಿ, ಕೂದಲು ಏನೂ ಇರಲಿಲ್ಲ. ಜಗತ್ತಿನ ತಲೆಗಳೆಲ್ಲ ಹೀಗೆಯೇ ನುಣ್ಣಗೆ, ಒಳಗೆ ಏನೂ ಓಡದೆ ಇರುತ್ತವೆ ಎಂದು ನಾನು ಕೆಲವು ದಿನ ನಂಬಿದ್ದೆ.

ನಾನು ಒಂದು ಟೋಪಿ. ಒತ್ತಿದ ಹಸಿರು ಉಣ್ಣೆಯದು, ಅಗಲ ಅಂಚಿನದು, ಎಡಗಡೆಯ ಅಂಚನ್ನು ಮೇಲಕ್ಕೆ ಮಡಚಿ ಸಿಕ್ಕಿಸುವಂಥದ್ದು. ಎರಡನೇ ಮಹಾಯುದ್ಧದ ನಡುವೆ ಬೆಂಗಳೂರು ದಂಡಿನ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಒಳಗಿನ ಚರ್ಮದ ಪಟ್ಟಿಯ ಮೇಲೆ ಒಬ್ಬ ಮುದ್ರೆ ಒತ್ತಿದ: ಸರ್ಕಾರಿ ಮಾಲು ಎಂದು ಹೇಳುವ ಬಾಣದ ಗುರುತು, ಅದರ ಕೆಳಗೆ ೫೭. ಇನ್ನೊಬ್ಬ ನನ್ನ ಹಣೆಗೆ ಹಿತ್ತಾಳೆಯ ಬಿಲ್ಲೆ ಸಿಕ್ಕಿಸಿದ. ಮೂಲೆ ಮೂಲೆಯಾದ ನಕ್ಷತ್ರ, ಅದರ ನೆತ್ತಿಯಲ್ಲಿ ರಾಜನ ಕಿರೀಟ. ಇಷ್ಟೆಲ್ಲ ಹೊತ್ತುಕೊಂಡು ಯಾವ ದೊಡ್ಡ ತಲೆಗೆ ಹೋಗುತ್ತೇನೋ ಎಂದು ಕಾದೆ.

ಹೋದದ್ದು ಪುಟ್ಟಮಾದನ ತಲೆಗೆ. ಅವನು ನರಸೀಪುರದ ಕಡೆಯವನು. ಬರ್ಮಾದ ಕಾಡಿನಲ್ಲಿ ಹೇಸರಗತ್ತೆಗಳ ಮೇಲೆ ಅಕ್ಕಿ, ಗುಂಡು, ಮುಲಾಮು ಹೇರಿಕೊಂಡು ನಡೆಯುವುದು ಅವನ ಕೆಲಸ. ಅವನ ತಲೆಯೊಳಗೆ ಸದಾ ಏನಾದರೂ ಓಡುತ್ತಿತ್ತು. ಹೆಚ್ಚಾಗಿ ಭಯ, ಕೆಲವೊಮ್ಮೆ ಉಪ್ಪುಸಾರು. ಹೊಳೆ ಸಿಕ್ಕಾಗ ಅವನು ನನ್ನಲ್ಲಿ ನೀರು ತುಂಬಿ ಮೊದಲು ಕತ್ತೆಗೆ ಕುಡಿಸುತ್ತಿದ್ದ. ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಅಷ್ಟು ದೂರ ಹೋಗಿ ಬಂದ ನಾನು ಒಂದು ಗುಂಡು ಹಾರಿದ್ದನ್ನೂ ಹತ್ತಿರದಿಂದ ನೋಡಲಿಲ್ಲ. ಕತ್ತೆಯ ಬೆನ್ನನ್ನು ಮಾತ್ರ ಬಹಳ ನೋಡಿದೆ.

ಯುದ್ಧ ಮುಗಿದ ಮೇಲೆ ಅವನು ನನ್ನನ್ನು ಹಾಕಿಕೊಂಡೇ ಊರಿಗೆ ಬಂದ. ಯಾರೂ ವಾಪಸು ಕೇಳಲಿಲ್ಲ. ಊರಿನಲ್ಲಿ ನಾಟಕದ ಕಂಪನಿಯೊಂದು ಬಿಡಾರ ಹೂಡಿತ್ತು. ಅದರ ಮಾಲೀಕ ನನ್ನನ್ನು ನೋಡಿ ಬಿಡಲೇ ಇಲ್ಲ. ಕಂಪನಿ ಇರುವಷ್ಟು ದಿನ ಮುಂದಿನ ಚಾಪೆಯಲ್ಲಿ ಜಾಗ ಕೊಡುವ ಮಾತಿನ ಮೇಲೆ ಪುಟ್ಟಮಾದ ನನ್ನನ್ನು ಬಿಟ್ಟುಕೊಟ್ಟ. ಅವನು ಮುಂದೆ ಕೂತು, ತನ್ನ ಟೋಪಿ ಇನ್ನೊಬ್ಬನ ತಲೆಯ ಮೇಲೆ ಗದರುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದ.

ನಾಟಕದಲ್ಲಿ ನಾನು ಇನ್‌ಸ್ಪೆಕ್ಟರ್ ಆದೆ, ಬೇಟೆಗಾರ ಆದೆ, ವಿಲಾಯಿತಿಯಿಂದ ಬಂದ ಮೋಸಗಾರ ಅಳಿಯನೂ ಆದೆ. ಉಳಿದ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದೆ. ಬಿಸಿಲು ದಿನವೂ ಬಂದು ನನ್ನ ಬಣ್ಣವನ್ನು ಸ್ವಲ್ಪ ಸ್ವಲ್ಪವೇ ಒಯ್ಯುತ್ತಿತ್ತು. ಬಿಲ್ಲೆಯ ಕೆಳಗೆ ಮಾತ್ರ ಅದರ ಕೈ ಹೋಗುತ್ತಿರಲಿಲ್ಲ. ಕಂಪನಿ ಒಡೆದ ದಿನ ಇನ್‌ಸ್ಪೆಕ್ಟರ್ ಪಾತ್ರದವನು ನೆನಪಿಗಿರಲೆಂದು ಬಿಲ್ಲೆಯನ್ನು ಕಿತ್ತುಕೊಂಡು ಹೋದ. ಆಗ ಗೊತ್ತಾಯಿತು, ನಕ್ಷತ್ರವೂ ಕಿರೀಟವೂ ಕಡು ಹಸಿರಾಗಿ ನನ್ನ ಹಣೆಯಲ್ಲಿಯೇ ಉಳಿದಿವೆ.

ಆಮೇಲೆ ಮೈಸೂರಿನ ವೇಷಭೂಷಣದ ಅಂಗಡಿ, ಶಾಲಾ ವಾರ್ಷಿಕೋತ್ಸವಗಳು, ನುಸಿಗುಳಿಗೆಯ ವಾಸನೆ. ಅಂಗಡಿ ಮುಚ್ಚುವಾಗ ಬೀದಿಗೆ ಹಾಕಿದ ರಾಶಿಯಿಂದ ಟಾಂಗಾ ಹೊಡೆಯುವ ಮಕ್ಬೂಲ್ ನನ್ನನ್ನು ಎತ್ತಿಕೊಂಡ. ತನ್ನ ತಲೆಗೆ ಇಟ್ಟು ನೋಡಲೂ ಇಲ್ಲ. ಚಾಕು ತೆಗೆದು ಎರಡು ತೂತು ಕೊರೆದ. ಅಷ್ಟು ವರ್ಷ ತಲೆಗಳೆಲ್ಲ ನನ್ನೊಳಗೆ ಬಂದು ಕೂರುತ್ತಿದ್ದವು. ಈಗ ಮೊದಲ ಸಲ ನನ್ನೊಳಗಿಂದ ಏನೋ ಹೊರಗೆ ಬಂತು: ಎರಡು ಕಿವಿ. ಬೆಚ್ಚಗೆ, ಚೂಪಾಗಿ, ಸುಮ್ಮನೆ ನಿಲ್ಲಲಾರದವು.

ಅವು ಶೀರೀನ್ ಎಂಬ ಹೆಣ್ಣುಕುದುರೆಯವು. ಹಿಂದಿನ ಬೇಸಿಗೆಯಲ್ಲಿ ಅವಳು ಅರಮನೆಯ ಎದುರಿನ ರಸ್ತೆಯಲ್ಲಿ ಬಿಸಿಲಿಗೆ ಕುಸಿದಿದ್ದಳಂತೆ. ತಲೆ ತಂಪಾಗಿಡಬೇಕು ಎಂದು ಡಾಕ್ಟರ್ ಹೇಳಿದ್ದರು. ಮಕ್ಬೂಲ್ ದಿನಾ ನನ್ನನ್ನು ನೀರಿನಲ್ಲಿ ಅದ್ದಿ ಅವಳಿಗೆ ತೊಡಿಸುತ್ತಿದ್ದ. ಪ್ರವಾಸಿಗರಿಗೆ ಚೆಂದ ಕಾಣಲೆಂದು ಹಣೆಗೆ ಪ್ಲಾಸ್ಟಿಕ್ ಹೂವಿನ ಗೊಂಚಲು ಹೊಲಿದಿದ್ದ.

ಆ ಹೂವಿನ ಹಿಂದೆ ಒಂದು ಮಧ್ಯಾಹ್ನ ಬೆರಳೊಂದು ನುಸುಳಿತು.

“ಟಾಂಗಾ ಹತ್ತೀರಾ ಮೇಡಂ, ಇಲ್ಲಾ ಕುದ್ರೆ ತಲೇಲಿ ಹೇನು ಹುಡುಕ್ತೀರಾ?” ಎಂದ ಮಕ್ಬೂಲ್.

“ಒಂದ್ನಿಮಿಷ ಅಣ್ಣಾ. ಇದನ್ನ ಸ್ವಲ್ಪ ಬಿಚ್ಚಿ ತೋರಿಸ್ತೀರಾ?”

ಅವಳ ಹೆಸರು ಪ್ರಫುಲ್ಲಾ. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ. ನನ್ನನ್ನು ಅಂಗಾತ ಹಿಡಿದು ಒಳಪಟ್ಟಿಯನ್ನು ಮಗುಚಿದಳು. ಬಾಣ ಕಂಡಿತು. ಉಸಿರು ಬಿಗಿ ಹಿಡಿದಳು. ಸಂಖ್ಯೆ ಕಂಡಿತು.

“ಐವತ್ತೇಳು! ಐವತ್ತೇಳನೇ ರೆಜಿಮೆಂಟು!”

ಪಕ್ಕದ ಟಾಂಗಾದ ಚೌಡಣ್ಣ ಬೀಡಿ ಕೆಳಗಿಳಿಸಿದ. “ಅಂಗಾರೆ ನನ್ ಚಪ್ಲಿ ಒಂಬತ್ತನೇ ರೆಜಿಮೆಂಟು ಕಣಕ್ಕ.”

ಪ್ರಫುಲ್ಲಾ ನನ್ನನ್ನು ಮತ್ತೆ ನೋಡಿದಳು. ಅವಳ ಕಿವಿ ಕೆಂಪಾದವು. “ಸೈಜು,” ಎಂದಳು ಮೆಲ್ಲಗೆ. ಆಮೇಲೆ ತಾನೇ ಜೋರಾಗಿ ನಕ್ಕಳು.

ನಗುತ್ತಲೇ ತನ್ನ ಕಥೆ ಹೇಳಿದಳು. ಹಳೆಯ ಸೈನಿಕ ಟೋಪಿ, ಬಿಲ್ಲೆ ಕೂಡಿಸುವ ಹವ್ಯಾಸ ಹಿಡಿದು ಒಂದು ವರ್ಷವೂ ಆಗಿಲ್ಲ. ಉಕ್ಕಿನದೆಂದು ಮೊದಲು ತಂದ ಶಿರಸ್ತ್ರಾಣ ಸಿನಿಮಾ ಶೂಟಿಂಗಿಗೆ ಮಾಡಿದ ಫೈಬರಿನದಾಗಿತ್ತು. ಆಮೇಲೆ ತಂದ ಪದಕದ ಹಿಂದೆ ಮೊನ್ನೆ ಮೊನ್ನೆ ಎರಕ ಹೊಯ್ದ ಗೆರೆ ಇತ್ತು. ಭಾನುವಾರ ಸಂಗ್ರಾಹಕರ ಸಂಘದ ಪ್ರದರ್ಶನ. ತಾವೇ ಹುಡುಕಿ, ತಾವೇ ಗುರುತಿಸಿದ ಒಂದು ವಸ್ತುವನ್ನು ಪ್ರತಿಯೊಬ್ಬರೂ ತರಬೇಕು.

“ಈ ಸಲಾನೂ ಖಾಲಿ ಕೈಲಿ ಹೋದ್ರೆ, ಇನ್ಮೇಲೆ ಟೀ ಲೋಟ ಹಂಚೋಕೆ ಮಾತ್ರ ನನ್ನನ್ನ ಕರೀತಾರೆ ಅಣ್ಣಾ.”

ಹೂವಿನ ಗೊಂಚಲನ್ನು ಬದಿಗೆ ಸರಿಸಿ, ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟಳು. ಬಣ್ಣ ಹೋಗದ ಜಾಗ ಎದ್ದು ಬಂತು. ಪರ್ಸಿನಿಂದ ತನ್ನದೊಂದು ಬಿಲ್ಲೆ ತೆಗೆದು ಅದರ ಮೇಲಿಟ್ಟಳು. ನಕ್ಷತ್ರ ಕೂತಿತು. ಕಿರೀಟ ಕೂರಲಿಲ್ಲ.

“ನೋಡಿ ಅಣ್ಣಾ. ನನ್ನ ಬಿಲ್ಲೇಲಿ ಕಿರೀಟದ ನಡುವೆ ತಗ್ಗಿದೆ. ಅದು ಯುದ್ಧ ಮುಗಿದು, ಇಂಗ್ಲೆಂಡಿಗೆ ರಾಣಿ ಬಂದ ಮೇಲಿಂದು. ಇಲ್ಲಿ ಉಳಿದಿರೋದು ಗುಡ್ಡದ ಥರ ದುಂಡಗಿದೆ. ರಾಜನ ಕಾಲದ್ದು. ಅಂದ್ರೆ ಈ ಟೋಪಿ ಯುದ್ಧ ನೋಡಿದೆ!”

“ನೋಡಿರ್ಲಿ ಬಿಡಿ,” ಎಂದ ಮಕ್ಬೂಲ್. “ನಾನೂ ಮೂರು ಮದುವೆ ಮಾಡ್ಸಿದೀನಿ, ತಂಗೀರ್ದು. ಯಾರು ಕೇಳ್ತಾರೆ?”

“ಯಾರು ಹಾಕ್ಕೊಂಡಿದ್ರೋ. ಯಾವನೋ ದೊಡ್ಡ ಸಾಹೇಬ ಇರ್ಬೇಕು.”

ಪುಟ್ಟಮಾದ ಎಂದು ಕೂಗಬೇಕೆನಿಸಿತು. ಟೋಪಿಗಳಿಗೆ ಬಾಯಿಯ ಜಾಗದಲ್ಲಿ ಬರೀ ಖಾಲಿ ಇರುತ್ತದೆ.

ಅವಳು ಬೆಲೆ ಕೇಳಿದಳು. ಮಕ್ಬೂಲ್ ತಲೆಯಾಡಿಸಿದ. “ದುಡ್ಡು ತಗೊಂಡು ಇವಳ ನೆತ್ತಿ ಮೇಲೆ ಹರವ್ಲಾ? ಹೋದ್ಸಲ ಬಿದ್ದಾಗ ಇವಳು ಏಳೋವರ್ಗೂ ನನ್ ಜೀವ ನನ್ ಹತ್ರ ಇರ್ಲಿಲ್ಲ. ಒಂದು ಕೆಲ್ಸ ಮಾಡಿ. ಇವಳಿಗೆ ಹೊಸ ಟೋಪಿ ತನ್ನಿ. ಹಾಕ್ಕೊಂಡು ಸರ್ಕಲ್ಲಿಗೆ ಒಂದು ಸುತ್ತು ಬರ್ಲಿ. ಬಂದ್ಳಾ, ಇದು ನಿಮ್ದು. ಆದ್ರೆ ಬಲವಂತ ಮಾಡೋಲ್ಲ, ಈಗ್ಲೇ ಹೇಳ್ತೀನಿ.”

ಪ್ರಫುಲ್ಲಾ ದುಪಟ್ಟಾದ ಅಂಚಿನಿಂದ ಶೀರೀನಳ ಕಿವಿಗಳ ಅಳತೆ ತೆಗೆದುಕೊಂಡು ಹೋದಳು.

ಶನಿವಾರ ಮಧ್ಯಾಹ್ನ ಬಂದಳು. ತಂದದ್ದು ತಾಳೆಗರಿಯ ಅಗಲವಾದ ಟೋಪಿ. ಒಳಗೆ ಮೆತ್ತನೆ ಹತ್ತಿಬಟ್ಟೆ, ಕಿವಿಯ ತೂತುಗಳ ಸುತ್ತ ಕೆಂಪು ಪಟ್ಟಿ. ನನಗಿಂತ ಹಗುರ, ನನಗಿಂತ ತಂಪು. ಸುಳ್ಳು ಹೇಳಲಾರೆ, ನನಗಿಂತ ಚೆಂದ. ಇನ್ನೊಂದು ಕೈಯಲ್ಲಿ ನನಗಾಗಿ ತಂದ ಪೆಟ್ಟಿಗೆ ಇತ್ತು. ಅದರೊಳಗೆ ತೆಳುವಾದ ಬಿಳಿ ಮಲ್ಲು ಬಟ್ಟೆ ಹಾಸಿತ್ತು.

ಮಕ್ಬೂಲ್ ನನ್ನನ್ನು ತೆಗೆದು ಫುಟ್‌ಪಾತಿನ ಕಟ್ಟೆಯ ಮೇಲಿಟ್ಟ. ಕೂತಲ್ಲಿಂದ ಎಲ್ಲವೂ ಕಾಣುತ್ತಿತ್ತು. ನನಗೆ ವಯಸ್ಸಾಗಿದೆ. ಇನ್ನೊಂದೆರಡು ಬೇಸಿಗೆ ನೀರಿನಲ್ಲಿ ನೆಂದರೆ ಹಣೆಯ ಕಿರೀಟವೂ ಅಳಿಸಿಹೋಗುತ್ತದೆ, ಆಮೇಲೆ ನನ್ನನ್ನು ಯಾರೂ ಓದಲಾರರು. ಪೆಟ್ಟಿಗೆಯಲ್ಲಿ ಬಿಸಿಲಿಲ್ಲ, ನುಸಿ ಇಲ್ಲ. ಗಾಜಿನ ಆಚೆಯಿಂದ ಜನ ಬಗ್ಗಿ ನೋಡುತ್ತಾರೆ. ಆದರೆ ತಲೆಯೂ ಇಲ್ಲ. ಎಷ್ಟೋ ಜನರ ಯೋಚನೆಗಳನ್ನು ಹೊತ್ತಿದ್ದೇನೆ, ನನ್ನದೆನ್ನುವ ಒಂದು ಆಸೆ ಯಾವುದೆಂದು ಆ ಹೊತ್ತಿನವರೆಗೂ ಹುಡುಕಿರಲಿಲ್ಲ. ಹುಡುಕುತ್ತಾ ಕೂತೆ.

ಹೊಸ ಟೋಪಿಯೊಳಗಿಂದ ಕಿವಿಗಳು ಸಲೀಸಾಗಿ ಹೊರಬಂದವು. ಅಳತೆ ಒಂದು ನೂಲೂ ತಪ್ಪಿರಲಿಲ್ಲ. ಪ್ರಫುಲ್ಲಾ ಎರಡೂ ಕೈ ಜೋಡಿಸಿ ಬಾಯಿಗೆ ಒತ್ತಿಕೊಂಡಳು.

“ಚಲ್ ಬೇಟಿ,” ಎಂದ ಮಕ್ಬೂಲ್, ಲಗಾಮು ಅಲುಗಿಸಿ.

ಕಿವಿಗಳು ಹಿಂದಕ್ಕೆ ಮಲಗಿದವು.

“ಚಲ್ ನನ್ ರಾಣಿ. ಒಂದೇ ಸುತ್ತು.”

ಪ್ರಫುಲ್ಲಾ ಅಂಗೈಯಲ್ಲಿ ನೆನೆಸಿದ ಹುರುಳಿ ಹಿಡಿದು ಎದುರಿಗೆ ನಿಂತಳು. “ಬಾರಮ್ಮಾ. ನೋಡು, ನಿನಗೇಂತಲೇ ಮಾಡಿಸಿದ್ದು. ನಾಲ್ಕೇ ಹೆಜ್ಜೆ ಬಾ, ಸಾಕು.”

“ಅಕ್ಕ ಅಷ್ಟು ಬೇಡ್ಕೋತಾವ್ರೆ, ಹೋಗೇ,” ಎಂದ ಚೌಡಣ್ಣ.

ಶೀರೀನ್ ಹುರುಳಿಯನ್ನು ಮೂಸಿದಳು. ತಿನ್ನಲಿಲ್ಲ. ಕುತ್ತಿಗೆಯನ್ನು ಉದ್ದಕ್ಕೆ ಕೆಳಗೆ ಚಾಚಿ ಒಮ್ಮೆ ಕೊಡವಿದಳು. ತಾಳೆಗರಿಯ ಟೋಪಿ ಜಾರಿ ಪ್ರಫುಲ್ಲಾಳ ಪಾದದ ಬಳಿ ಬಿತ್ತು. ಅವಳು ಅದನ್ನೆತ್ತಿ, ದೂಳು ಒರೆಸಿ, ಮತ್ತೆ ಹಿಡಿದಳು.

ಶೀರೀನ್ ಮುಖ ತಿರುಗಿಸಿದಳು. ಮಕ್ಬೂಲ್ ಲಗಾಮು ಬಿಟ್ಟು, ನೀರಿಗೆ ಅದ್ದಲು ನನ್ನನ್ನು ಕಟ್ಟೆಯಿಂದ ಎತ್ತಿಕೊಂಡ.