ಅರ್ಧ ಪಾಠ ಮತ್ತು ಮಣ್ಣೆತ್ತು

ಮೋಟೆಬೆನ್ನೂರಿನ ಉಡಚಪ್ಪನ ಪಡಸಾಲೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಯ ಪೂಜೆಗೆ ಮಣ್ಣಿನ ಜೋಡೆತ್ತುಗಳು ಸಿದ್ಧವಾಗಿದ್ದವು. ಆರತಿ ಮಾತ್ರ ನಿಂತುಹೋಗಿತ್ತು. ಎತ್ತು ಮಾಡಿದ ಮಗಳು ಮಹೇಶ್ವರಿಯೇ ಅವಕ್ಕೆ ಕೈ ಮುಗಿಯಲೊಲ್ಲೆ ಎಂದು ಗೋಡೆಗೆ ಒರಗಿ ನಿಂತಿದ್ದಳು. ಬ್ಯಾಡಗಿಯ ಕಾಲೇಜಿನಲ್ಲಿ ಅವಳಿಗೆ ಇತಿಹಾಸ ಕಲಿಸುವ ಸುಧಾರಾಣಿಗೆ ಉಡಚಪ್ಪ ಬೆಳಿಗ್ಗೆಯೇ ಫೋನು ಮಾಡಿದ್ದ: ‘ಬಂದು ಉತ್ತರಾ ಕೊಡ್ರಿ. ಇಲ್ಲಾಂದ್ರ ನಾಳಿಂದ ಹುಡುಗಿ ಕಾಲೇಜಿಗೆ ಬರೂದಿಲ್ಲ.’

ಸುಧಾರಾಣಿ ಬಂದಳು. ಯಾರೂ ಕುಂದ್ರಿ ಎನ್ನಲಿಲ್ಲ. ಉಡಚಪ್ಪನ ತಾಯಿ ಶೇಖವ್ವ ಮಾತ್ರ ಸದ್ದಿಲ್ಲದೆ ಮಣೆಯೊಂದನ್ನು ಅವಳ ಕಾಲ ಬಳಿ ಸರಿಸಿದಳು.

‘ಕೈಯಿಂದ ಮಾಡಿದ್ದಕ್ಕ ಕೈ ಮುಗೀಬಾರದು ಅಂತ ನೀವ ಹೇಳೀರೇನ್ರಿ? ಹೌದೋ ಅಲ್ಲೋ, ಅಷ್ಟ ಹೇಳ್ರಿ,’ ಎಂದ ಉಡಚಪ್ಪ.

ಅಲ್ಲ ಎಂದರೆ ಹುಡುಗಿಯ ಓದು ಉಳಿಯುತ್ತಿತ್ತು. ಆದರೆ ಎಲ್ಲರೆದುರು ಆ ಹುಡುಗಿಯೇ ಸುಳ್ಳು ಹೇಳಿದಂತಾಗುತ್ತಿತ್ತು. ಮಹೇಶ್ವರಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸುಧಾರಾಣಿ ಉಡಚಪ್ಪನತ್ತ ತಿರುಗಿದಳು.

‘ಹೌದ್ರಿ. ಯೆಹೂದ್ಯರ ಹೀಬ್ರೂ ಗ್ರಂಥದಾಗ ಹಂಗೈತಿ, ಅದನ್ನ ಹೇಳೇನಿ. ನಮ್ಮವರು ಏನಂತಾರ ಅಂತ ಹೇಳೂದ್ರಾಗ ಗಂಟಿ ಹೊಡೀತು. ಅರ್ಧಾಕ್ಕ ಬಿಟ್ಟು ಎದ್ದು ಬಂದೆ. ತಪ್ಪು ನಂದು.’

‘ಉಳದದ್ದು ಇಲ್ಲೇ ಹೇಳ್ರಿ ಹಂಗಾರ. ನಾವೂ ಒಮ್ಮೆ ಪಾಸಾಗೂಣು,’ ಎಂದು ಉಡಚಪ್ಪ ಚುಚ್ಚಿದ.

‘ಅವರ ದೇವರು ಬರೇ ಮಾತಿನಿಂದ ಬೆಳಕು ಮಾಡಿದ. ಮನಷ್ಯಾನ್ನ ಮಾತ್ರ ಮಣ್ಣು ತಗೊಂಡು ಮಾಡಿ, ಮೂಗಿನಾಗ ಉಸರು ಊದಿದ. ತನ್ನ ಗೊಂಬಿ ಮಾತ್ರ ಮಾಡಬ್ಯಾಡ್ರಿ, ಕೈಯಿಂದ ಮಾಡಿದ್ದಕ್ಕ ಕೈ ಮುಗೀಬ್ಯಾಡ್ರಿ ಅಂದ. ನಮ್ಮ ವೇದದಾಗ, ಜಗತ್ತು ಹೆಂಗ ಹುಟ್ಟಿತು ಅನ್ನೂದು ಮ್ಯಾಲಿದ್ದಾಂವಗರೆ ಗೊತ್ತೈತೋ ಇಲ್ಲೋ ಅಂತ ಕೇಳ್ಯಾರ. ಗೊತ್ತಿಲ್ಲದ್ದನ್ನ ನಾವು ಮಣ್ಣಾಗ ಮಾಡಿ, ಪೂಜಿ ಮಾಡಿ, ತಿರುಗಿ ನೀರಿಗೆ ಬಿಡತೀವಿ. ಇಟಗೊಂಡು ಕೂಡೂದಿಲ್ಲ.’

‘ಆ ದೇವರ ಕೈನೂ ಮಣ್ಣು ಹತ್ತಿ ರಾಡಿ ಆಗಿದ್ವು ಅನ್ನವಾ!’ ಎಂದಳು ಶೇಖವ್ವ.

ಉಡಚಪ್ಪ ನಗಲಿಲ್ಲ. ಮಗಳತ್ತ ತಿರುಗಿದ. ‘ಕೇಳಿದೆಲ್ಲ? ಈಗರೆ ಕೈ ಮುಗಿ.’

ಮಹೇಶ್ವರಿ ಎತ್ತುಗಳ ಮುಂದೆ ಬಂದು ಕುಳಿತಳು. ಎಡಗಡೆಯ ಎತ್ತಿನ ಕೊಂಬು ಒಣಗಿ ಬಿರುಕು ಬಿಟ್ಟಿತ್ತು. ತಂಬಿಗೆಯಲ್ಲಿ ಬೆರಳದ್ದಿ, ಬಿರುಕನ್ನು ಮೆಲ್ಲಗೆ ಸವರಿ ಮುಚ್ಚಿದಳು. ಕೈ ಮಾತ್ರ ಮುಗಿಯಲಿಲ್ಲ.

‘ಇನ್ನೂ ವಿಚಾರ ಮಾಡಾಕತ್ತೇನಿ, ಅಪ್ಪಾ.’

ಶೇಖವ್ವ ಆರತಿ ತಟ್ಟೆ ಹಿಡಿದವಳು ಹಾಗೇ ನಿಂತಳು. ಉಡಚಪ್ಪ ಬಗ್ಗಿ, ಮಗಳು ಬಿರುಕು ಮುಚ್ಚಿದ ಒದ್ದೆ ಕೊಂಬನ್ನು ನೋಡಿದ.

‘ಯವ್ವಾ, ದೀಪಾ ಹಚ್ಚು,’ ಎಂದ ತಾಯಿಗೆ. ಆಮೇಲೆ ಸುಧಾರಾಣಿಯ ಮುಖ ನೋಡದೆಯೇ ಹೇಳಿದ: ‘ನಾಳೆ ಎಂಟರ ಬಸ್ಸಿಗೆ ಹುಡುಗಿ ಬರತಾಳ. ಇನ್ನ ಮ್ಯಾಲೆ ಅರ್ಧಾ ಪಾಠ ಹೇಳಿ ಕಳಸಬ್ಯಾಡ್ರಿ.’