ಕಸಕ್ಕೂ ಸಲಾಮ್ ಬರೆದ ಕಾಸೀಂಸಾಬ

ಸೋನ್ಯಾಳದ ಖೈರುನಬಿಗೆ ಅವತ್ತು ಮೈಯೆಲ್ಲ ಉರಿದು ಹೋಗಿತ್ತು. ಉರಿಯದೆ ಏನು? ವಾರವಾರ ಉಳಿತಾಯ ಕೂಡಿಸುವ ಬಚತ ಗಟದ ಹೆಂಗಸರೆಲ್ಲ ಬೇಸಿಗೆಯಿಡೀ ಕೂತು, ಹಳೆಯ ಸೀರೆ ಜೋಡಿಸಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕೌದಿ ಹೊಲಿದಿದ್ದರು. ಪುಣೆಯ ಪ್ರದರ್ಶನದಲ್ಲಿ ಒಂದು ಮಳಿಗೆ ಸಿಕ್ಕರೆ ಅಲ್ಲಿ ಒಯ್ದು ಮಾರಬೇಕೆಂಬ ಆಸೆ. ಈಗ ಅಲ್ಲಿಂದ ಫೋನ್ ಬಂದಿತ್ತು. ಮಳಿಗೆ ಮಂಜೂರಾಗಿತ್ತಂತೆ. ಒಪ್ಪಿಗೆ ತಿಳಿಸಿ ಎಂದು ಎರಡೆರಡು ಸಲ ಈ-ಮೇಲ್ ಕಳಿಸಿದರಂತೆ. ಎರಡೂ ತಿರುಗಿ ಬಂದವಂತೆ. ಮಳಿಗೆ ಬೇರೆಯವರ ಪಾಲಾಯಿತು.

"ಮೇಲ ಅಡ್ರೆಸ್ ನಿಮ್ಮದ ಅಲ್ಲೇನ್ರಿ ಕೊಟ್ಟಿದ್ದು?" ಎಂದು ಅವಳು ಗಂಡನ ಮೇಲೆ ಹರಿಹಾಯ್ದಳು. "ವಾರಕ್ಕೊಮ್ಮಿ ಜತ್ತ ಪ್ಯಾಟಿಗೆ ಹೋಗಿ ಕಂಪ್ಯೂಟರದಾಗ ಏನ ನೋಡತಿದ್ರಿ?"

ಸಂತೆ ಸಂತೆಗೆ ಬಳೆ ಒಯ್ದು ಮಾರುವ ಕಾಸೀಂಸಾಬ ಗತ್ತಿನಿಂದಲೇ ಹೇಳಿದ, "ಬರೇ ನೋಡೂದಲ್ಲ, ಬಂದದ್ದಕ್ಕೆಲ್ಲಾ ಜವಾಬ ಬರದೀನಿ."

ಅದು ಆ ಮನೆತನದ ರೂಢಿ. ಅವನ ತಂದೆ, ಬಂದ ಕಾರ್ಡಿಗೆ ಮರುದಿನವೇ ಉತ್ತರ ಬರೆದು ಡಬ್ಬಿಗೆ ಹಾಕಿದರೇ ಊಟಕ್ಕೆ ಕೂಡುತ್ತಿದ್ದ ಮನುಷ್ಯ. ಪತ್ರಕ್ಕೆ ಉತ್ತರ ಕೊಡದವನು ಸಲಾಮಿಗೆ ಸಲಾಮ್ ಹೇಳದವನಿದ್ದಂತೆ ಎನ್ನುತ್ತಿದ್ದ. ಮಗ ಅದನ್ನು ಬಿಟ್ಟಿರಲಿಲ್ಲ.

ಗಂಡ ಹೆಂಡತಿ ಅವತ್ತೇ ಜತ್ತಿಗೆ ಹೋದರು. ಪಕ್ಕದ ಮನೆಯ ಸಿದ್ದಲಿಂಗವ್ವನ ಮಗಳು ವಿಜಯಶ್ರೀ ಅಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಳು.

"ಬರ್ರಿ ಕಾಕಿ, ಕುಂದ್ರಿ" ಎಂದು ಕರೆದು ಅವಳು ಕಾಸೀಂಸಾಬನ ಮೇಲ್ ತೆರೆದಳು. ತೆರೆದವಳು ಹಾಗೇ ಹಣೆ ಚಚ್ಚಿಕೊಂಡಳು. "ಕಾಕಾ, ಇದು ಗಚ್ಚಾಗಿ ತುಂಬೇತ್ರಿ. ಒಂದ ಸಾಸಿವಿ ಕಾಳಿಗೂ ಜಾಗ ಇಲ್ಲ. ಅದಕ್ಕ ಪುಣೆದವರ ಮೇಲ ತಿರುಗಿ ಹೋಗ್ಯಾವ."

"ಏನೇನ ತುಂಬೇತಿ? ಓದವಾ" ಎಂದಳು ಖೈರುನಬಿ.

ಬೋಳು ತಲೆಗೆ ಕೂದಲು ಬರಿಸುವ ಔಷಧ. ಅಗ್ಗದ ಗಡಿಯಾರ. ಕೊಳ್ಳದ ಲಾಟರಿಯ ಬಹುಮಾನ. ಕಂಡು ಕೇಳದ ದೇಶದ ಯಾರೋ ವಿಧವೆ, ತನ್ನ ಆಸ್ತಿಯನ್ನು ಸೋನ್ಯಾಳದ ಬಳೆಗಾರನ ಹೆಸರಿಗೆ ಬರೆಯಲು ಕಾದು ಕೂತಿದ್ದಾಳೆ! ಅದು ಮುಗಿಯುವ ಮಾತೇ ಇರಲಿಲ್ಲ. ಒಂದೊಂದಕ್ಕೂ ಕಾಸೀಂಸಾಬ ಮರ್ಯಾದೆಯಿಂದ ಬರೆದಿದ್ದ: ಸಲಾಮ್, ನಮಗೆ ಬೇಡ, ತಪ್ಪು ತಿಳಿಯಬೇಡಿ. ಕೆಳಗೆ ತನ್ನ ಹೆಸರು, ಊರು, ಫೋನ್ ನಂಬರು.

"ಬ್ಯಾಡ ಅಂತ ಹೇಳೀನಲ್ಲ, ಮತ್ಯಾಕ ಬರತಾವ?"

"ಬ್ಯಾಡ ಅಂದಿದ್ದಕ್ಕ ಬರತಾವ್ರಿ ಕಾಕಾ. ಅವರು ಲಕ್ಷಗಟ್ಟಲೆ ಅಡ್ರೆಸ್ಸಿಗೆ ಕಣ್ಣ ಮುಚ್ಚಿ ಒಗೀತಾರ. ನೀವು ಜವಾಬ ಕೊಟ್ರ, ಈ ಮನ್ಯಾಗ ಮಂದಿ ಅದಾರ ಅಂತ ಖಾತ್ರಿ ಆಗತೈತಿ. ಮತ್ತ ಹತ್ತ ಮಂದಿಗೆ ನಿಮ್ಮ ಅಡ್ರೆಸ್ ಮಾರತಾರ."

"ಮಾರತಾರ?" ಖೈರುನಬಿ ಎದ್ದೇ ನಿಂತಳು. "ನಮ್ಮ ಅಡ್ರೆಸ್ ಮಾರಾಕ ಇವರ್ಯಾರು? ನಾವು ಕೌದಿ ಹೊಲದ ಮಾರಾಕ ಜಾಗ ಇಲ್ಲ, ಇವರು ಕುಂತಲ್ಲೇ ನಮ್ಮನ್ನ ಮಾರತಾರ? ನಾಚಿಕಿ ಇಲ್ಲೇನ ಇವರಿಗೆ! ನೀವೂ ಅಷ್ಟ ಅದೀರಿ, ಹಾದೀಲೆ ಹೋಗೋ ಮಾರೀನ ಮನೀಗೆ ಕರದಂಗ."

ಕಾಸೀಂಸಾಬನ ಮುಖ ಸಣ್ಣದಾಯಿತು. ಆದರೂ ಮನಸ್ಸು ಒಪ್ಪಲಿಲ್ಲ. "ಜವಾಬ ಕೊಡಲಿಲ್ಲಂದ್ರ ಬೇಅದಬಿ ಆಗತೈತಿ, ಮರ್ಯಾದಿ ಅಲ್ಲ ಅದು. ನಮ್ಮ ಅಬ್ಬಾ..."

"ನಿಮ್ಮ ಅಬ್ಬಾ ಪರಿಚಯದವರಿಗೆ ಬರೀತಿದ್ರು. ಕನ್ನಾ ಹಾಕಾಕ ಬಂದಾವಗ ಚಾ ಕುಡಿ ಅಂತಿದ್ರೇನ?" ಎಂದಳು ಖೈರುನಬಿ.

ಕಾಸೀಂಸಾಬ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತ.

ವಿಜಯಶ್ರೀ ಒಂದೊಂದೇ ಬಿಡಿಸಿ ಹೇಳಿದಳು. "ಗುರ್ತ ಇಲ್ಲದವರ ಮೇಲ ತಗೀಬ್ಯಾಡ್ರಿ. ಕಸ ಅಂತ ಗುರ್ತ ಹಾಕೋ ಬಟನ್ ಇಲ್ಲೈತಿ, ಒತ್ರಿ. ನಿಮ್ಮ ಹೆಸರ ತಗಸಬೇಕಂದ್ರ ಇಲ್ಲಿ ಒತ್ರಿ ಅಂತ ಅವರು ಬರದಿರತಾರ, ಅದೂ ಮೀನ ಹಿಡಿಯೋ ಬಲಿನ, ಮುಟ್ಟಬ್ಯಾಡ್ರಿ. ಬ್ಯಾಂಕಿನ ನಂಬರ ಅಂತೂ ಯಾರಿಗೂ ಕೊಡಬಾರದು. ಕಾಕಾ, ಅಂಗಡ್ಯಾಗ ಬಹುಮಾನದ ಕೂಪನ್ ತುಂಬತೀರೇನ?"

"ಎಲ್ಲಿ ಕೊಟ್ರೂ ತುಂಬತೀನಿ."

"ಅದರಾಗ ಈ ಅಡ್ರೆಸ್ ಬರೀಬ್ಯಾಡ್ರಿ. ಅಂಥಾದ್ದಕ್ಕ ಬ್ಯಾರೆ ಒಂದ ಅಡ್ರೆಸ್ ಇರ್ಲಿ. ಇದು ಗಟದ ಕೆಲಸಕ್ಕಷ್ಟ."

ಕಸವೆಲ್ಲ ಅಳಿಸಿದ್ದಾಯಿತು. ಕೊನೆಗೆ ಆ ಪರದೇಶದ ವಿಧವೆಯ ಮೇಲ್ ಉಳಿಯಿತು. ಕಾಸೀಂಸಾಬನ ಕೈ ಕೀಲಿಮಣೆಯ ಕಡೆ ಹೋಯಿತು. "ಪಾಪ, ಹೆಣ್ಮಗಳು. ಇದೊಂದಕ್ಕ..."

ಖೈರುನಬಿ ಅವನ ಕೈ ಹಿಡಿದಳು. "ಪಾಪ ಅನ್ನಬೇಕಂದ್ರ ಸೋನ್ಯಾಳದಾಗ ಕೌದಿ ಮಡಚಿ ಕುಂತ ಹೆಣ್ಮಕ್ಕಳಿಗೆ ಅನ್ರಿ."

ಕಾಸೀಂಸಾಬ ಅದನ್ನೂ ತಾನೇ ಅಳಿಸಿದ. ಆಮೇಲೆ ಪುಣೆಯವರಿಗೆ ತಪ್ಪಾಯಿತೆಂದು ಬರೆದ. ಆ ಸಲ ಮಳಿಗೆ ಸಿಗಲಿಲ್ಲ. ಕೌದಿಗಳು ಟ್ರಂಕಿನಲ್ಲೇ ಉಳಿದವು. ಖೈರುನಬಿ ಆಗಾಗ ಅವನ್ನು ತೆಗೆದು ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಿದ್ದಳು.

ದೀಪಾವಳಿಯ ಮುಂಚೆ, ಹಬ್ಬದ ಪ್ರದರ್ಶನದಲ್ಲಿ ಮಳಿಗೆ ಇದೆ, ಬರುತ್ತೀರಾ ಎಂದು ಪುಣೆಯವರದೇ ಇನ್ನೊಂದು ಮೇಲ್ ಬಂತು. ಈ ಸಲ ತಿರುಗಿ ಹೋಗಲಿಲ್ಲ. ಕಾಸೀಂಸಾಬ ವಿಜಯಶ್ರೀಯ ಕ್ಲಾಸಿನಲ್ಲೇ ಕೂತು ಉತ್ತರ ಬರೆದ: ಸಲಾಮ್, ನಮ್ಮ ಹೆಣ್ಣುಮಕ್ಕಳು ಬರುತ್ತಾರೆ. ಬರೆದಾದ ಮೇಲೆಯೇ ಅವನು ಊಟಕ್ಕೆದ್ದ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮೇಲ್ ಡಬ್ಬಿಯಲ್ಲಿ ಇವತ್ತು ಏನೇನು ತುಂಬಿದೆ? ಹೋಗಿ ನೋಡಿ. ಗುರುತಿಲ್ಲದವರಿಗೆ ಉತ್ತರ ಬರೆಯಬೇಡಿ, ಕಂಡಲ್ಲೆಲ್ಲ ವಿಳಾಸ ಕೊಡಬೇಡಿ, ಕಸವನ್ನು ಆಗಾಗ ಅಳಿಸಿ. ಯಾರದೋ ಸುಳ್ಳು ಲಾಟರಿಗೆ ಜಾಗ ಕೊಟ್ಟು, ನಿಮ್ಮ ದುಡಿಮೆಗೆ ಬರುವ ಕರೆಯನ್ನು ಬಾಗಿಲಿನಿಂದ ತಿರುಗಿ ಕಳಿಸಬೇಡಿ.