ಕುದುರೆಕಾಸು

ಸೂಕಿಗೆ ಹದಿನಾಲ್ಕು ತುಂಬಿದ ವರ್ಷ, ಅಂದರೆ ೧೭೮೯ರ ಜುಲೈ ತಿಂಗಳಲ್ಲಿ, ನ್ಯೂಯಾರ್ಕಿನ ತಾಮ್ರದ ಕಾಸು ಒಂದೇ ವಾರದಲ್ಲಿ ಸತ್ತುಹೋಯಿತು.

ಸೂಕಿಯ ತಾಯಿ ಡೀನಾ, ಫಾನ್ ಹೂಕರ ಮನೆಯಲ್ಲಿ ಗುಲಾಮಳಾಗಿ ಹುಟ್ಟಿದವಳು. ಮುದಿ ಫಾನ್ ಹೂಕ್ ಸಾಯುವಾಗ ಉಯಿಲಿನಲ್ಲಿ ಅವಳಿಗೆ ಬಿಡುಗಡೆ ಬರೆದ. ಮಗುವಿನ ಹೆಸರು ಅವನಿಗೆ ನೆನಪಾಗಲಿಲ್ಲವೋ ಮನಸ್ಸಾಗಲಿಲ್ಲವೋ, ಬರೆಯಲಿಲ್ಲ. ತಾಯಿ ಬೀದಿಗೆ ಬಂದಳು. ಮಗಳು ಮುದುಕನ ಮಗ ಖೆರಿಟ್‌ನ ಪಾಲಿಗೆ ಉಳಿದಳು. ಎಪ್ಪತ್ತು ಡಾಲರ್ ಕೊಟ್ಟರೆ ಬಿಡುತ್ತೇನೆ ಎಂದು ಖೆರಿಟ್ ಮಾತು ಕೊಟ್ಟಿದ್ದ. ಡೀನಾ ಹಡಗುಕಟ್ಟೆಯಲ್ಲಿ ತೊಟ್ಟಿಯಿಟ್ಟು, ಚಿಪ್ಪು ಒಡೆದು ಸಿಂಪಿ ಮಾರಿ, ಆರು ವರ್ಷದಲ್ಲಿ ಐವತ್ತು ಬೆಳ್ಳಿ ಡಾಲರ್ ಅವನ ಕೈಗೆ ಹಾಕಿದ್ದಳು. ಉಳಿದ ಇಪ್ಪತ್ತು ಡಾಲರಿನಷ್ಟು ತಾಮ್ರ ಅವಳ ಕೋಣೆಯ ಪೀಪಾಯಿಯಲ್ಲಿತ್ತು. ಸಿಂಪಿ ತಿನ್ನುವವರು ಕೂಲಿಗಳು. ಅವರ ಜೇಬಿನಲ್ಲಿ ಬೆಳ್ಳಿ ಎಲ್ಲಿಂದ ಬರಬೇಕು?

ಆ ಕಾಸುಗಳಾದರೂ ಒಂದೇ ಜಾತಿಯವಲ್ಲ. ಕನೆಕ್ಟಿಕಟ್ಟಿನದರ ಮೇಲೆ ತಲೆಗೆ ಎಲೆಪಟ್ಟಿ ಕಟ್ಟಿದ ಗಂಡಸಿನ ಮುಖ. ವರ್ಮಾಂಟಿನದರ ಮೇಲೆ ಬೆಟ್ಟದ ಹಿಂದೆ ಹುಟ್ಟುವ ಸೂರ್ಯ. ಹೊಳೆಯಾಚೆಯ ಜೆರ್ಸಿಯದರ ಮೇಲೆ ಕುದುರೆಯ ತಲೆ, ಅದರಡಿ ನೇಗಿಲು. ಡೀನಾಗೆ ಓದು ಬರದಿದ್ದರೂ ಹೆಬ್ಬೆರಳು ಸವರಿದರೆ ಯಾವ ಊರಿನ ಕಾಸೆಂದು ತಿಳಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ರೊಟ್ಟಿಯಂಗಡಿಯ ಟ್ಯೂನಿಸ್ ಅವಳ ಕಾಸನ್ನು ಹಿಂದಕ್ಕೆ ತಳ್ಳಿದ.

“ತಾಮ್ರ ಬೇಡ ಡೀನಾ. ಇವತ್ತಿಂದ ಪೇಟೇಲಿ ಯಾರೂ ತಗೊಳಲ್ಲ.”

“ಶನಿವಾರ ತಗೊಂಡ್ಯಲ್ಲೋ! ಎರಡು ದಿನದಲ್ಲಿ ಕಾಸಿಗೇನು ಜ್ವರ ಬಂತಾ?”

“ಹೊಳೆ ಮೇಲ್ಗಡೆ ಯಾವುದೋ ಗಿರಣೀಲಿ ಮುಖವಾಡ ಹಾಕ್ಕೊಂಡು ಕಳ್ಳಕಾಸು ಅಚ್ಚು ಹಾಕ್ತಾರಂತೆ. ಈರುಳ್ಳಿ ಸಿಪ್ಪೆ ಹಾಗೆ ತೆಳ್ಳಗೆ. ಅಸಲು ಯಾವುದು, ನಕಲಿ ಯಾವುದು ಅಂತ ಉಜ್ಜಿ ನೋಡ್ತಾ ಕೂತ್ರೆ ಒಲೇಲಿ ನನ್ನ ರೊಟ್ಟಿ ಸೀದುಹೋಗುತ್ತೆ.”

ಅಂಗಡಿಯ ಮುಂದೆ ನೂರು ಜನ ಮುಷ್ಟಿ ತುಂಬ ತಾಮ್ರ ಹಿಡಿದು ನಿಂತಿದ್ದರು. ಒಬ್ಬ ಹೆಂಗಸು ಬಾಗಿಲಿಗೇ ಕಾಸು ಎಸೆದಳು. ಅದನ್ನು ಹೆಕ್ಕಲು ಯಾರೂ ಬಗ್ಗಲಿಲ್ಲ.

ಡೀನಾ ಅಲ್ಲಿಂದ ನೇರ ಖೆರಿಟ್‌ನ ಮನೆಗೆ ಹೋದಳು. ಹಜಾರದ ತುಂಬ ಪೆಟ್ಟಿಗೆ. ಸೂಕಿ ನೆಲದ ಮೇಲೆ ಕೂತು ಪಿಂಗಾಣಿ ತಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದಳು. ತಾಯಿಯನ್ನು ಕಂಡವಳೇ ಪಿಸುಗುಟ್ಟಿದಳು: “ಅಮ್ಮಾ, ದೂರದ ದಕ್ಷಿಣದ ಚಾರ್ಲ್ಸ್‌ಟನ್ನಿಗಂತೆ. ಶನಿವಾರ ಹಡಗಂತೆ. ನಾನೂ ಅಂತೆ.”

ಖೆರಿಟ್ ಕೆಟ್ಟ ಮಾತಾಡುವವನಲ್ಲ. ಎಲ್ಲವನ್ನೂ ನಗುತ್ತಲೇ ಹೇಳುತ್ತಿದ್ದ. “ನಾನು ಮಾತಿಗೆ ತಪ್ಪೋನಲ್ಲ ಡೀನಾ. ಶನಿವಾರದೊಳಗೆ ಇಪ್ಪತ್ತು ಡಾಲರ್ ತಾ, ಹುಡುಗೀನ ಕರಕೊಂಡು ಹೋಗು. ಬೆಳ್ಳೀಲಿ ತರಬೇಕು. ಆ ತಾಮ್ರದ ಕಸ ನನಗ್ಯಾಕೆ?”

“ಧಣಿ, ಆ ಕಸಾನೇ ಆರು ವರ್ಷ ದುಡಿದಿದ್ದು ನಾನು.”

“ಅದಕ್ಕೆ ನಾನೇನು ಮಾಡಲಿ, ಹೇಳು?”

ಕಟ್ಟೆಗೆ ಬಂದು ತೊಟ್ಟಿಯ ಪಕ್ಕ ಕುಸಿದು ಕೂತಳು. ದೋಣಿಯ ಕಫ್ಫಿ, ಅವಳಂತೆಯೇ ಬಿಡುಗಡೆಯಾದ ಕರಿಯ, ಹುಟ್ಟು ಕೆಳಗಿಟ್ಟು ಹತ್ತಿರ ಬಂದ.

“ಡೀನಕ್ಕ, ಅಳೋದು ಆಮೇಲೆ. ಆಚೆ ದಡದಲ್ಲಿ ಕುದುರೆಕಾಸು ಇನ್ನೂ ಉಸಿರಾಡ್ತಿದೆ. ಜೆರ್ಸಿ ಸರ್ಕಾರ ತೆರಿಗೆಗೆ ಅದನ್ನ ತಗೊಳ್ಳುತ್ತಂತೆ. ನಿನ್ನ ಹತ್ರ ಎಷ್ಟಿದೆ?”

ಕೋಣೆಗೆ ಹೋಗಿ ಪೀಪಾಯಿ ಬೋರಲು ಹಾಕಿದಳು. ಮೂರು ಸಾವಿರಕ್ಕೂ ಮಿಕ್ಕ ಕಾಸಿನಲ್ಲಿ ಕುದುರೆ ಸಿಕ್ಕಿದ್ದು ಏಳುನೂರು. ಉಳಿದ ರಾಶಿಯನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಕಂಚುಗಾರನ ಬಳಿ ಹೋದಳು. ಅವನ ಅಂಗಳದಲ್ಲಿ ಆಗಲೇ ಊರಿನ ತಾಮ್ರವೆಲ್ಲ ಗುಡ್ಡೆ ಬಿದ್ದಿತ್ತು. ಕರಗಿಸುವ ಲೆಕ್ಕದಲ್ಲಿ ಎರಡು ಡಾಲರ್ ಕೊಟ್ಟ. ಅವಳು ಚೌಕಾಸಿಗೂ ನಿಲ್ಲಲಿಲ್ಲ.

ಮಂಗಳವಾರದಿಂದ ಕಟ್ಟೆಯಲ್ಲಿ ನಿಂತು ಕೂಗತೊಡಗಿದಳು: “ಕುದುರೆಕಾಸಿಗೆ ಸಿಂಪಿ! ಒಂದು ಕುದುರೆಗೆ ನಾಲ್ಕು ಸಿಂಪಿ!” ಸತ್ತ ಕಾಸಿಗೆ ಊಟ ಹಾಕುತ್ತಾಳೆಂದು ಕೂಲಿಗಳು ನಕ್ಕರು. “ಡೀನಾಗೆ ತಲೆ ಕೆಟ್ಟಿದೆ ಕಣ್ರೋ, ವಾಸಿ ಆಗೋದ್ರೊಳಗೆ ತಿಂದ್ಬಿಡಿ!” ನಗುತ್ತಲೇ ಮನೆಗೆ ಓಡಿ, ಹೆಂಡತಿಯ ಗಂಟು, ಮಕ್ಕಳ ಡಬ್ಬಿ ಕೆದಕಿ ಕುದುರೆಗಳನ್ನು ತಂದರು. ಕಫ್ಫಿ ನಸುಕಿನಲ್ಲೇ ಹೊಳೆಯಿಂದ ಸಿಂಪಿ ಕಿತ್ತು ತರುತ್ತಿದ್ದ. ಡೀನಾಳ ಅಂಗೈ ಚಿಪ್ಪು ಕುಯ್ದು ಸೀಳಿಹೋಗಿತ್ತು. ಉಪ್ಪುನೀರು ತಾಗಿದಾಗಲೆಲ್ಲ ತುಟಿ ಕಚ್ಚುತ್ತಿದ್ದಳು. ಚಳಿಗಾಲದ ಉಣ್ಣೆಯ ಹೊದಿಕೆ ಕೊಟ್ಟು ಎಂಬತ್ತು ಕುದುರೆ ತಂದಳು. ಕಬ್ಬಿಣದ ಮಡಕೆ ಕೊಟ್ಟು ನಲವತ್ತು. ಗುರುವಾರ ಮಧ್ಯಾಹ್ನ ಪೇಟೆಯ ದಲ್ಲಾಳಿಯೊಬ್ಬ ಪಕ್ಕದಲ್ಲೇ ಮೇಜು ಹಾಕಿ ತಾನೂ ಕುದುರೆ ಕೊಳ್ಳತೊಡಗಿದ. ಅಲ್ಲಿಗೆ ಅವಳ ತೊಟ್ಟಿಯ ಮುಂದಿನ ಸಾಲು ಕರಗಿತು.

ಶುಕ್ರವಾರ ಕಫ್ಫಿ ಅವಳನ್ನು ಆಚೆ ದಡಕ್ಕೆ ದಾಟಿಸಿದ. ಗೋಣಿಯ ಭಾರಕ್ಕೆ ದೋಣಿ ವಾಲುತ್ತಿತ್ತು. ಮೊದಲ ಎರಡು ಅಂಗಡಿಗಳಲ್ಲಿ ನ್ಯೂಯಾರ್ಕಿನ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು, ಒಳಗೂ ಬಿಡಲಿಲ್ಲ. ಬರ್ಗನ್ನಿನ ಗಿರಣಿಯ ಹರ್ಮಾನುಸ್ ಮಾತ್ರ ಗೋಣಿಯೊಳಗೆ ಕೈಯಿಟ್ಟು ನೋಡಿದ.

“ತೆರಿಗೆಗೆ ನಡೆಯುತ್ತೆ, ನಿಜ. ಆದ್ರೆ ನಾಳೆ ನನ್ನ ಕೈಲೂ ಇದು ಸತ್ರೆ?”

“ನಾಳೆ ಅನ್ನೋದು ನಿಮಗಿದೆ ಯಜಮಾನ್ರೇ, ನನಗಿಲ್ಲ. ಲಾಭ ನೀವೇ ಇಟ್ಕೊಳ್ಳಿ. ಬೆಳ್ಳಿ ಕೊಡಿ, ಸಾಕು.”

ಅವನು ಅವಳ ಅಂಗೈಗಳನ್ನು ಒಮ್ಮೆ ನೋಡಿದ. ಹದಿಮೂರು ಡಾಲರ್ ಕೊಟ್ಟ. ಹೊರಡುವಾಗ ಅರ್ಧ ರೊಟ್ಟಿಯನ್ನೂ ಕೊಟ್ಟ. ಅದನ್ನು ಅವಳು ಕಫ್ಫಿಗೆ ಕೊಟ್ಟಳು.

ಹದಿಮೂರು, ಕಂಚುಗಾರನ ಎರಡು. ಐದು ಕಡಿಮೆ. ಶುಕ್ರವಾರ ಸಂಜೆ ಚರ್ಚಿನ ಬಾಗಿಲು, ಹೆಂಡದಂಗಡಿ, ಗೊತ್ತಿದ್ದ ಮನೆ, ಗೊತ್ತಿಲ್ಲದ ಮನೆ ಎಲ್ಲಾ ತಟ್ಟಿದಳು. ಆ ವಾರ ಊರಲ್ಲಿ ಬೆಳ್ಳಿ ಇದ್ದವರು ಬಾಗಿಲು ತೆರೆಯಲಿಲ್ಲ. ತೆರೆದವರ ಬಳಿ ಬೆಳ್ಳಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಖೆರಿಟ್‌ನ ಮನೆಮುಂದೆ ಗಾಡಿಗೆ ಪೆಟ್ಟಿಗೆ ಏರಿಸುತ್ತಿದ್ದರು. ಸೂಕಿ ಪ್ರಯಾಣದ ಶಾಲು ಹೊದ್ದು ಗೋಡೆಗೊರಗಿ ನಿಂತಿದ್ದಳು. ಡೀನಾ ಹದಿನೈದು ಬೆಳ್ಳಿ ನಾಣ್ಯಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು.

ಖೆರಿಟ್ ಎಣಿಸಿದ. ಅವನ ನಗು ಮಾಸಲಿಲ್ಲ. “ಐದು ಕಡಿಮೆ ಇದೆಯಲ್ಲಮ್ಮ.”

“ಚಳಿಗಾಲದೊಳಗೆ ಕಳಿಸ್ತೀನಿ ಧಣಿ. ದೇವರಾಣೆ.”

“ದೇವರಾಣೇನ ಚಾರ್ಲ್ಸ್‌ಟನ್ನಿನ ಯಾವ ಅಂಗಡೀಲಿ ಕಾಸು ಅಂತ ತಗೋತಾರೆ?” ಗಡಿಯಾರ ತೆಗೆದು ನೋಡಿದ. “ಒಂದು ದಾರಿ ಇದೆ. ನನ್ನ ಭಾವಮೈದುನನ ಮನೇಲಿ ಅಡಿಗೆಯವಳು ಬೇಕು. ಎರಡು ವರ್ಷ ಸಂಬಳ ಇಲ್ಲದೆ ದುಡೀತೀನಿ ಅಂತ ಕಾಗದಕ್ಕೆ ಗುರುತು ಹಾಕಿದ್ರೆ ಆ ಐದನ್ನ ಅವನ ಹತ್ರ ತಗೋತೀನಿ.”

ಐದು ಡಾಲರಿಗೆ ಎರಡು ವರ್ಷ. ಗಾಡಿಯವನು ಕೂಡ ತಲೆಯೆತ್ತಿ ನೋಡಿದ. ಡೀನಾ ಲೇಖನಿ ಕೇಳಿ ತೆಗೆದುಕೊಂಡು ಅವನು ಬರೆದ ಕಾಗದದ ಕೆಳಗೆ ಅಡ್ಡಗೆರೆ, ಉದ್ದಗೆರೆ ಎಳೆದಳು. ಖೆರಿಟ್ ಇನ್ನೊಂದು ಕಾಗದದಲ್ಲಿ ಬಿಡುಗಡೆ ಬರೆದು ಸೂಕಿಯ ಕೈಗಿಟ್ಟು ಗಾಡಿ ಹತ್ತಿದ.

ಗಾಡಿ ತಿರುವು ದಾಟಿದ್ದೇ ಸೂಕಿ ತಾಯಿಯ ಎದೆಗೆ ಎರಡೂ ಕೈಯಿಂದ ಗುದ್ದಿದಳು.

“ನಿನ್ನ ಯಾರು ಮಾರ್ಕೋ ಅಂದ್ರು? ನಾನು ಕೇಳಿದ್ನಾ? ಹೇಳು, ನಾನು ಕೇಳಿದ್ನಾ?”

“ಗುದ್ದು. ಇನ್ನೂ ಗುದ್ದು,” ಅಂದಳು ಡೀನಾ. “ಕೈಗೆಟುಕೋ ದೂರದಲ್ಲಿದ್ದೀಯಲ್ಲ, ಅಷ್ಟು ಸಾಕು.”

ಸೋಮವಾರ ಅವಳು ಆ ಭಾವಮೈದುನನ ಮನೆಯ ಹಿಂಬಾಗಿಲಿನಿಂದ ಅಡಿಗೆಮನೆಗೆ ಹೋದಳು. ಆ ಮನೆಯೊಡತಿ ಭಾನುವಾರವೂ ಬಿಡುವು ಕೊಡುವವಳಲ್ಲ. ಸಿಂಪಿಯ ತೊಟ್ಟಿ ಸೂಕಿಗೆ ಬಂತು. ಮಗಳು ಸಂಜೆ ಮಾರಾಟ ಮುಗಿಸಿ ಹಿತ್ತಿಲ ಬೇಲಿಯ ಬಳಿ ಬರುತ್ತಿದ್ದಳು. ಕೆಲವು ದಿನ ಮಾತಾಡುತ್ತಿದ್ದಳು, ಕೆಲವು ದಿನ ಕೋಪ ಇಳಿಯದೆ ಸುಮ್ಮನೆ ನಿಂತು ಹೋಗುತ್ತಿದ್ದಳು. ಎರಡು ವರ್ಷ ಕಳೆದು ಹೊರಬರುವಾಗ ಡೀನಾಳ ಬೆನ್ನು ಬಾಗಿತ್ತು, ಕೆಮ್ಮು ಕಟ್ಟಿಕೊಂಡಿತ್ತು. ಸೂಕಿ ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ನಡುಬೀದಿಯಲ್ಲೇ ಮನೆಗೆ ಕರೆದೊಯ್ದಳು.